ಹಳೇ ಮನೆ, ಕೈಯಲ್ಲಿರುವಷ್ಟೇ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಹಳೇ ಪೇಟೆಯಲ್ಲಿ ನಮ್ಮ ಮಾವನವರ ಕಾಲದ, ಕಲ್ಲು ಚಪ್ಪಡಿ ಹೊದಿಸಿದ ಚಾವಣಿಯ ಮನೆ ಇದೆ. ಅದನ್ನು ಕೆಡವದೆ, ನಾಲ್ಕು ವರ್ಷ ಹಿಡಿದು, ದುಡ್ಡು ಬಂದ ಹಾಗೆ ಒಂದೊಂದೇ ಕೋಣೆ ಸರಿ ಮಾಡಿಕೊಂಡೆವು. ಅಂದಿನಿಂದ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಜನ ಕೇಳುತ್ತಲೇ ಇದ್ದಾರೆ. ಶಿಡ್ಲಘಟ್ಟ, ಮಧುಗಿರಿ, ಪಾವಗಡದಿಂದ ಪತ್ರವೂ ಬಂದಿವೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ನಾನು ಎಂಜಿನಿಯರ್ ಅಲ್ಲ. ಭಾರ ಹೊರುವ ಗೋಡೆ, ತೊಲೆಗೆ ಕೈ ಹಾಕುವ ಮುಂಚೆ ತಿಳಿದವರನ್ನು ಕರೆಸಿ ತೋರಿಸಿ.

## ಶುರು ಮಾಡುವ ಮುಂಚೆ

"ಕೆಡವಿ ಹೊಸದು ಕಟ್ಟೋದು ಬಿಟ್ಟು ಜನ ಯಾಕಕ್ಕ ಹಳೇ ಮನೆಗೇ ದುಡ್ಡು ಸುರೀತಾರೆ?"

ಪಾಯ, ಗೋಡೆ, ಚಾವಣಿ ಮೂರೂ ಆಗಲೇ ನಿಂತಿವೆ. ಅದೇ ದೊಡ್ಡ ಕಾರಣ. ಹೊಸ ಮನೆಯಲ್ಲಿ ಜಾಸ್ತಿ ದುಡ್ಡು ನುಂಗುವುದು ಇವೇ ಮೂರು. ಅವು ಗಟ್ಟಿ ಇದ್ದರೆ ಅಷ್ಟು ಖರ್ಚನ್ನು ನಿಮ್ಮ ತಾತ ಆಗಲೇ ಮಾಡಿಟ್ಟು ಹೋಗಿದ್ದಾರೆ ಅಂತ ತಿಳಿಯಿರಿ.

ಎರಡನೆಯದು ಜಾಗ. ಹಳೇ ಪೇಟೆ, ಗ್ರಾಮಠಾಣದ ಮನೆಗಳು ಅಗಲ ಕಮ್ಮಿ, ಉದ್ದ ಜಾಸ್ತಿ. ಪಕ್ಕದವರಿಗೂ ನಮಗೂ ಒಂದೇ ಗೋಡೆ. ಕೆಡವಿ ಹೊಸದಾಗಿ ನಕ್ಷೆ ಮಾಡಿಸಿದರೆ ಸುತ್ತ ಜಾಗ ಬಿಡಬೇಕಾಗುತ್ತದೆ. ಹದಿನೈದು ಅಡಿ ಅಗಲದ ಸೈಟಿನಲ್ಲಿ ಎರಡೂ ಕಡೆ ಬಿಟ್ಟರೆ ಉಳಿಯುವುದೇನು? ಮೇಲಾಗಿ ಆ ಜಂಟಿ ಗೋಡೆಯ ಮೇಲೆ ಪಕ್ಕದವರ ತೊಲೆಯೂ ಕೂತಿರುತ್ತದೆ. ನಮ್ಮ ಪಾಡಿಗೆ ನಾವು ಕೆಡವಲು ಆಗುವುದಿಲ್ಲ.

ಮೂರನೆಯದು ನಮ್ಮ ಕಡೆಯ ಆದಾಯದ ರೀತಿ. ಇಲ್ಲಿ ಎಷ್ಟೋ ಮನೆಗಳಿಗೆ ತಿಂಗಳ ಸಂಬಳವಿಲ್ಲ. ಕೋಲಾರದಲ್ಲಿ ಟೊಮ್ಯಾಟೊಗೆ ಬೆಲೆ ಸಿಕ್ಕರೆ, ಶ್ರೀನಿವಾಸಪುರದಲ್ಲಿ ಮಾವು ಕೈ ಹಿಡಿದರೆ, ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಚೆನ್ನಾಗಿ ಹರಾಜಾದರೆ, ತಿಪಟೂರಿನಲ್ಲಿ ಕೊಬ್ಬರಿ ಏರಿದರೆ ದುಡ್ಡು ಬರುತ್ತದೆ. ಇಲ್ಲದಿದ್ದರೆ ಇಲ್ಲ. ಹೊಸ ಮನೆ ಅರ್ಧಕ್ಕೆ ನಿಂತರೆ ಕಂಬಿ ತುಕ್ಕು ಹಿಡಿಯುತ್ತದೆ, ಬಾಡಿಗೆ ಬೇರೆ ಕಟ್ಟಬೇಕು. ಹಳೇ ಮನೆಯ ಕೆಲಸ ಅರ್ಧಕ್ಕೆ ನಿಂತರೂ ಉಳಿದ ಕೋಣೆಗಳಲ್ಲಿ ಅಡುಗೆ ಮಾಡಿಕೊಂಡು ಮುಂದಿನ ಬೆಳೆವರೆಗೆ ಇರಬಹುದು. ನಾವು ಇದ್ದದ್ದೂ ಹಾಗೇ.

ಇನ್ನೊಂದು ಕಾರಣ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮತ್ತೆ ಕೂತು ರಾಗಿ ಆರಿಸುತ್ತಿದ್ದ ಜಗಲಿ ಅದು. ಅದರ ಮೇಲೆ ಈಗ ನನ್ನ ಮೊಮ್ಮಗ ಓದಿಕೊಳ್ಳುತ್ತಾನೆ.

"ನಮ್ಮನೆ ರಿಪೇರಿಗೆ ಯೋಗ್ಯನೋ, ಕೆಡವೋದೇ ವಾಸಿನೋ ಹೇಗೆ ಗೊತ್ತಾಗೋದು?"

ಮೂರು ಕಡೆ ನೋಡಿ. ಗೋಡೆಗೆ ಮೇಸ್ತ್ರಿಯ ತೂಗುಗುಂಡು ಬಿಟ್ಟು ನೋಡಿ. ಗೋಡೆ ಹೊಟ್ಟೆ ಉಬ್ಬಿದ್ದರೆ, ಹೊರಗೆ ವಾಲಿದ್ದರೆ ಅದು ದೊಡ್ಡ ಖರ್ಚು. ಎರಡನೆಯದು ಬಿರುಕು. ಬಿರುಕಿನ ಮೇಲೆ ಅಡ್ಡಕ್ಕೆ ಸಿಮೆಂಟಿನ ತೆಳು ಪಟ್ಟಿ ಬಳಿದು ತಾರೀಖು ಬರೆದಿಡಿ. ಒಂದು ಮಳೆಗಾಲ ಕಳೆದ ಮೇಲೂ ಪಟ್ಟಿ ಒಡೆಯದಿದ್ದರೆ ಅದು ಹಳೇ ಗಾಯ, ತುಂಬಿದರೆ ಸಾಕು. ಒಡೆದರೆ ಪಾಯ ಇನ್ನೂ ಕದಲುತ್ತಿದೆ ಅಂತ. ಮೂರನೆಯದು ತೊಲೆಯ ತುದಿ, ಗೋಡೆಯೊಳಗೆ ಸೇರುವ ಜಾಗ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಯಂತೆ ಇಳಿಯಬಾರದು.

ಒಂದು ಕಡೆ ಕೆಟ್ಟಿದ್ದರೆ ರಿಪೇರಿ ಮಾಡಬಹುದು. ಮೂರೂ ಕಡೆ ಕೆಟ್ಟಿದ್ದರೆ ಆಸೆಪಟ್ಟು ದುಡ್ಡು ಹಾಕಬೇಡಿ.

"ಸ್ವಲ್ಪನೇ ದುಡ್ಡಿದೆ. ಮೊದಲು ಯಾವುದಕ್ಕೆ ಖರ್ಚು ಮಾಡಲಿ?"

ಮೊದಲು ನೀರು ನಿಲ್ಲಿಸಿ. ಮೇಲಿಂದ ಸೋರುವ ನೀರು, ಆಮೇಲೆ ಕೆಳಗಿಂದ ಏರುವ ತೇವ. ನಂತರ ವೈರಿಂಗ್. ಅದಾದ ಮೇಲೆ ಬಚ್ಚಲುಮನೆ, ಕೊಳಾಯಿ ಪೈಪು. ನೆಲ, ಬಣ್ಣ, ಬೀರು, ಲೈಟು ಎಲ್ಲ ಕೊನೆಗೆ. ಬಹಳ ಜನ ಇದನ್ನು ತಲೆಕೆಳಗೆ ಮಾಡುತ್ತಾರೆ. ಹಬ್ಬಕ್ಕೆ ಬಣ್ಣ ಹೊಡೆಸುತ್ತಾರೆ, ಆಶ್ವಯುಜದ ಮಳೆಗೆ ಗೋಡೆ ಮೇಲೆ ಕಂದು ಕಲೆ ಬರುತ್ತದೆ, ಬಣ್ಣದ ದುಡ್ಡು ಹೋಯಿತು.

ಇರುವ ದುಡ್ಡಿನಲ್ಲಿ ಐದರಲ್ಲಿ ಒಂದು ಪಾಲು ಮುಟ್ಟದೆ ಎತ್ತಿಡಿ. ಹಳೇ ಗೋಡೆ ಕೆತ್ತಿದಾಗ ಒಳಗೆ ಏನಿದೆ ಅಂತ ಯಾರಿಗೂ ಮುಂಚೆ ಗೊತ್ತಿರುವುದಿಲ್ಲ.

"ಯಾವ ತಿಂಗಳಲ್ಲಿ ಶುರು ಮಾಡೋದು?"

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಚಾವಣಿ ಬಿಚ್ಚುವ ಕೆಲಸ ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ, ಮುಂಗಾರು ಹನಿಯುವ ಮುಂಚೆ ಮುಚ್ಚಿಬಿಡಿ. ಒಳಗಿನ ಕೆಲಸ ಯಾವಾಗಲಾದರೂ ಆದೀತು.

## ಚಾವಣಿ, ಗೋಡೆ, ನೆಲ

"ಚಪ್ಪಡಿ ಸೋರ್ತಿದೆ. ಎಲ್ಲ ತೆಗೆಸಿ ಮೋಲ್ಡ್ ಹಾಕಿಸಿ ಅಂತಾರೆ, ಹಾಕಿಸಲಾ?"

ಬೇಡ, ಸ್ವಲ್ಪ ತಾಳಿ. ನಮ್ಮ ಕಡೆಯ ಚಪ್ಪಡಿ ಗ್ರಾನೈಟ್. ಕಲ್ಲು ಸೋರುವುದಿಲ್ಲ, ಕಲ್ಲಿನ ಸಂದು ಸೋರುತ್ತದೆ. ಆ ಸಂದಿಗೆ ತುಂಬಿದ ಹಳೇ ಗಾರೆ ಪುಡಿಯಾಗಿರುತ್ತದೆ, ಇಲ್ಲ ಅರಳಿ ಗಿಡದ ಬೇರು ಇಳಿದಿರುತ್ತದೆ. ಸಂದನ್ನು ಕೆತ್ತಿ, ಬೇರು ಪೂರ್ತಿ ತೆಗೆದು, ತೊಳೆದು, ಮತ್ತೆ ಸುಣ್ಣದ ಗಾರೆ ತುಂಬಿಸಿ. ಮೇಲೆ ನೀರು ನಿಲ್ಲದ ಹಾಗೆ ನೀರು ಹೊರಬೀಳುವ ದೋಣಿ ಕಡೆಗೆ ಇಳಿಜಾರು ಮಾಡಿಸಿ. ನಮ್ಮ ಮನೆಯ ನಾಲ್ಕು ಕೋಣೆಯ ಸೋರಿಕೆ ಇಷ್ಟರಲ್ಲೇ ನಿಂತಿತು.

ಸೋರಿದಾಗೆಲ್ಲ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಹಾಕುವ ಅಭ್ಯಾಸ ಬಹಳ ಅಪಾಯ. ಲೆಕ್ಕ ನೋಡಿ. ಒಂದು ಚದರ, ಅಂದರೆ 100 ಚದರ ಅಡಿ ಜಾಗಕ್ಕೆ ಒಂದಿಂಚು ದಪ್ಪ ಕಾಂಕ್ರೀಟ್ ಹಾಕಿದರೆ 550 ಕಿಲೋ ಮೇಲೆ ತೂಕ ಏರುತ್ತದೆ. ಮೂರು ಸಲ ಹಾಕಿದರೆ ಒಂದೂವರೆ ಟನ್ ದಾಟಿತು. ಚಪ್ಪಡಿ ಬಾಗುವುದಿಲ್ಲ, ಒಂದೇ ಸಲ ಮುರಿಯುತ್ತದೆ. ಹಾಗಾಗಿ ಮೊದಲು ಹಳೇ ಪದರ ಇಳಿಸಿ, ಆಮೇಲೆ ಹೊಸದು ಹಾಕಿ.

ಕೆಳಗಿನಿಂದ ಪ್ರತಿ ಚಪ್ಪಡಿಯನ್ನೂ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ. ಗಟ್ಟಿ ಕಲ್ಲು ಗಂಟೆಯ ಹಾಗೆ ಠಣ್ ಅನ್ನುತ್ತದೆ. ಒಡೆದ ಕಲ್ಲು ಮಂಕಾಗಿ ಸದ್ದು ಮಾಡುತ್ತದೆ. ಅಂಥ ಕಲ್ಲಿನ ನಡುವೆ ಕಬ್ಬಿಣದ ತೊಲೆ ಕೊಟ್ಟು ಎರಡು ಕಡೆ ಗೋಡೆಗೆ ಕೂರಿಸಬಹುದು. ಅದು ಮುಗಿಯುವವರೆಗೆ ಆ ಕೋಣೆಯಲ್ಲಿ ಯಾರೂ ಮಲಗಬಾರದು.

"ನಮ್ಮದು ಹೆಂಚಿನ ಮನೆ. ಎಲ್ಲ ಹೆಂಚೂ ಬದಲಾಯಿಸಬೇಕಾ?"

ಬೇಕಿಲ್ಲ. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ ಶುರು ಮಾಡಿದ್ದು 1865ರಲ್ಲಿ. ಆ ಹೆಂಚು ಅಷ್ಟು ಬಾಳಿಕೆ ಬರುತ್ತದೆ. ಸಾಮಾನ್ಯವಾಗಿ ಕೆಡುವುದು ಹೆಂಚಲ್ಲ, ಕೆಳಗಿನ ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ. ಹೆಂಚು ಇಳಿಸಿ, ಬ್ರಷ್ ಹಾಕಿ ಪಾಚಿ ತೊಳೆದು, ಹೊಸ ರೀಪಿನ ಮೇಲೆ ಮತ್ತೆ ಹೊದಿಸಿ. ಒಡೆದವುಗಳಿಗೆ ಬದಲಿ ತರುವಾಗ ಹಳೇ ಹೆಂಚೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಬೇರೆ ಬೇರೆ ಕಾರ್ಖಾನೆಯ ಅಚ್ಚಿಗೆ ಕೊಕ್ಕೆ, ಗೆರೆ ಬೇರೆ. ಒಂದಕ್ಕೊಂದು ಕೂರದಿದ್ದರೆ ಅಲ್ಲೇ ಸೋರುತ್ತದೆ.

"ಮಣ್ಣಿನ ಗೋಡೆಗೆ ಸಿಮೆಂಟ್ ಮಾಡಿಸಿದ್ವಿ, ಎರಡು ಮಳೆಗೆ ಹಪ್ಪಳದ ಹಾಗೆ ಎದ್ದು ಬಂತು. ಯಾಕೆ?"

ನಮಗೂ ಹೀಗೇ ಆಯಿತು. ಮೊದಲ ವರ್ಷ ಹಿಂದಿನ ಕೋಣೆಯ ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಮೇಸ್ತ್ರಿ ಗಟ್ಟಿ ಇರುತ್ತೆ ಅಂದರು, ನಾವೂ ನಂಬಿದೆವು. ಎರಡನೇ ಮಳೆಗಾಲಕ್ಕೆ ಒಂದಾಳುದ್ದ ತುಂಡು ಬಿತ್ತು. ಹಿಂದಿನ ಮಣ್ಣು ಒದ್ದೆ ಕೆಸರಾಗಿತ್ತು. ಅವತ್ತು ಮಗು ಪಕ್ಕದ ಕೋಣೆಯಲ್ಲಿ ಮಲಗಿತ್ತು. ಅದನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಕಾರಣ ಇಷ್ಟೆ. ಮಣ್ಣಿನ ಗೋಡೆ ಉಸಿರಾಡುತ್ತದೆ. ನೆಲದಿಂದ ತೇವ ಹೀರುತ್ತದೆ, ಗಾಳಿಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ. ಜೊತೆಗೆ ಮಣ್ಣು ಬಿಸಿಲು ಮಳೆಗೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಹಾಗೆ ಆಡುವುದಿಲ್ಲ. ಎರಡರ ನಡುವೆ ಬಿಡುವು ಬೀಳುತ್ತದೆ.

ಸುಣ್ಣದ ಗಾರೆಯೇ ಇದಕ್ಕೆ ಸರಿ. ಅರಳಿಸಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ತೆಳುವಾಗಿ ಎರಡು ಮೂರು ಪದರ ಮಾಡಬೇಕು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಅವಸರ ಮಾಡಬಾರದು, ನೇರ ಬಿಸಿಲಿಗೆ ಗೋಣಿ ಕಟ್ಟಿ ನೆರಳು ಮಾಡಬೇಕು, ದಿನಾ ನೀರು ಚಿಮುಕಿಸಬೇಕು. ಮೇಲೆ ಪ್ಲಾಸ್ಟಿಕ್ ಥರದ ಬಣ್ಣ ಬಳಿದರೆ ಮತ್ತೆ ಅದೇ ಕಥೆ. ಸುಣ್ಣದ ಬಣ್ಣವೇ ಹಚ್ಚಿ. ಸುಣ್ಣ ಅರಳಿಸುವಾಗ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಕನ್ನಡಕ ಹಾಕಿಸಿ.

ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಕಮ್ಮಿ. ಹಳೇ ದೇವಸ್ಥಾನದ ಜೀರ್ಣೋದ್ಧಾರ ಎಲ್ಲಿ ನಡೆಯುತ್ತಿದೆಯೋ ಅಲ್ಲಿ ವಿಚಾರಿಸಿ. ನಮಗೆ ಸಿಕ್ಕಿದ್ದು ಹಾಗೇ.

"ರಸ್ತೆ ಎತ್ತರ ಮಾಡಿ ಮಾಡಿ ನಮ್ಮನೆ ಹಳ್ಳದಲ್ಲಿದೆ. ಮನೆ ಎತ್ತಿಸಬಹುದಾ?"

ಜಾಕಿ ಕೊಟ್ಟು ಎತ್ತುವ ಕೆಲಸ ಗಟ್ಟಿ ಇಟ್ಟಿಗೆ ಗೋಡೆ, ಕಾಂಕ್ರೀಟ್ ಬೆಲ್ಟ್ ಇರುವ ಮನೆಗೆ. ಮಣ್ಣಿನ ಗೋಡೆ, ಕಲ್ಲುಗೋಡೆಯ ಹಳೇ ಮನೆಗೆ ಯಾರೇ ಹೇಳಿದರೂ ಮಾಡಿಸಬೇಡಿ.

ಕಮ್ಮಿ ಖರ್ಚಿನ ದಾರಿ ಬೇರೆ ಇದೆ. ರಸ್ತೆ ಕಡೆ ಗೋಡೆಯ ಪಕ್ಕಕ್ಕೆ ಜಲ್ಲಿ ತುಂಬಿದ ಕಾಲುವೆ ಮಾಡಿ ನೀರು ಆಚೆ ಹೋಗಲಿ. ಹೊಸ್ತಿಲ ಮುಂದೆ ಒಂದು ಮೆಟ್ಟಿಲು ಎತ್ತರದ ಕಟ್ಟೆ ಕಟ್ಟಿ, ಒಳಗೆ ಇಳಿಯುವ ಹಾಗೆ ಮಾಡಿ. ಒಳಗೆ ಚಾವಣಿ ಹತ್ತು ಹನ್ನೊಂದು ಅಡಿ ಎತ್ತರ ಇದ್ದರೆ ನೆಲವನ್ನು ಒಂದಡಿ ತುಂಬಿಸಿ ಎತ್ತರಿಸಬಹುದು. ಆಗ ಬಾಗಿಲುಗಳ ಕೆಳತುದಿ ಕೊಯ್ಯಬೇಕಾಗುತ್ತದೆ ಅನ್ನುವುದು ನೆನಪಿರಲಿ. ಗಿಡ್ಡ ಬಾಗಿಲಿನಲ್ಲಿ ತಲೆ ತಾಗುತ್ತದೆ.

"ಗೆದ್ದಲು ಹಿಡಿದ ತೊಲೆ ಪೂರ್ತಿ ತೆಗೀಬೇಕಾ?"

ಹೆಚ್ಚಿನ ತೊಲೆಗಳು ಗೋಡೆಗೆ ಸೇರುವ ಒಂದೂವರೆ ಅಡಿಯಲ್ಲಿ ಮಾತ್ರ ಕೆಟ್ಟಿರುತ್ತವೆ. ಬಡಗಿ ಆ ತುಂಡು ಕತ್ತರಿಸಿ ಹೊಸ ಮರ ಬೆಸೆದು ಬೋಲ್ಟ್ ಹಾಕಬಹುದು. ಗೋಡೆಯ ಪಕ್ಕ ಕಲ್ಲುಕಂಬ ಕೊಟ್ಟು ಗಟ್ಟಿ ಇರುವ ಭಾಗವನ್ನು ಅದರ ಮೇಲೆ ಕೂರಿಸಬಹುದು. ನಡುಭಾಗ ಟೊಳ್ಳಾಗಿದ್ದರೆ ಮಾತ್ರ ಪೂರ್ತಿ ಬದಲಿಸಿ. ಗೆದ್ದಲು ಬಂದ ದಾರಿ ನೆಲದಲ್ಲಿ ಎಲ್ಲಿದೆ ಅಂತ ಹುಡುಕಿ ಅಲ್ಲಿ ಔಷಧಿ ಹಾಕಿಸಿ. ತೊಲೆಗೆ ಮಾತ್ರ ಹಚ್ಚಿದರೆ ಮತ್ತೆ ಬರುತ್ತದೆ.

ಹಳೇ ಕಂಬ, ಬಾಗಿಲು ಕೊಳ್ಳಲು ಬೀದಿಗೆ ವ್ಯಾಪಾರಿಗಳು ಬರುತ್ತಾರೆ. ಅವರು ಕೇಳಿದ ಬೆಲೆಗೆ ಅಂಥ ಮರ ನಿಮಗೆ ಮತ್ತೆ ಸಿಗುವುದಿಲ್ಲ.

"ಕೆಂಪು ನೆಲ ಕಿತ್ತು ಟೈಲ್ಸ್ ಹಾಕಿಸಲಾ?"

ಬಿರುಕು ಕಮ್ಮಿ ಇದ್ದರೆ ಬೇಡ. ಬಿರುಕನ್ನು ರೆಡ್ ಆಕ್ಸೈಡ್ ಸಿಮೆಂಟಿನಿಂದ ತುಂಬಿ ಪಾಲಿಶ್ ಮಾಡಿಸಿ. ಬೇಸಿಗೆಯಲ್ಲಿ ಅದರ ತಂಪು ಟೈಲ್ಸಿಗೆ ಬರುವುದಿಲ್ಲ.

## ದುಡ್ಡು, ಆಳು, ಕಾಗದ

"ಗುತ್ತಿಗೆ ಕೊಡೋದಾ, ದಿನಗೂಲಿನಾ?"

ಎರಡೂ ಬೇಕು. ಕೆತ್ತುವುದು, ಬಿಚ್ಚುವುದು, ಸುಣ್ಣದ ಗಾರೆ, ತೊಲೆ ರಿಪೇರಿ ಇವಕ್ಕೆ ದಿನಗೂಲಿ. ಎಷ್ಟು ಕೆಲಸ ಅಂತ ಮುಂಚೆ ಹೇಳಲಾಗದ್ದನ್ನು ಗುತ್ತಿಗೆಗೆ ಕೊಟ್ಟರೆ ಅವರೂ ನಷ್ಟದ ಭಯಕ್ಕೆ ಜಾಸ್ತಿ ಹೇಳುತ್ತಾರೆ, ಇಲ್ಲ ಅವಸರ ಮಾಡುತ್ತಾರೆ. ಟೈಲ್ಸು, ಬಣ್ಣ, ವೈರಿಂಗ್ ಪಾಯಿಂಟ್, ಬಚ್ಚಲುಮನೆ ಇವು ಅಳತೆಗೆ ಸಿಗುವ ಕೆಲಸ. ಅವನ್ನು ಗುತ್ತಿಗೆಗೆ ಕೊಡಿ. ಮೂರು ಜನರಿಂದ ರೇಟು ಬರೆಸಿಕೊಳ್ಳಿ. ಸಾಮಾನು ನೀವೇ ತನ್ನಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಹಳೇ ರೇಟಿನ ಪಟ್ಟಿ ಹಿಡಿದು ಬಂದವರಿಗೆ ಅದನ್ನು ನೆನಪಿಸಿ.

"ರಿಪೇರಿಗೆ ಬ್ಯಾಂಕ್ ಸಾಲ ಸಿಗುತ್ತಾ?"

ಸಿಗುತ್ತದೆ, ಮನೆಯ ಕಾಗದ ಸರಿ ಇದ್ದರೆ. ಹಳ್ಳಿಯಲ್ಲಾದರೆ ಇ-ಸ್ವತ್ತು, ಊರಲ್ಲಾದರೆ ಇ-ಖಾತೆ, ಜೊತೆಗೆ ಇಸಿ (ಋಣಭಾರ ಪ್ರಮಾಣಪತ್ರ) ಕೇಳುತ್ತಾರೆ. ಮನೆ ಇನ್ನೂ ತೀರಿಕೊಂಡ ಹಿರಿಯರ ಹೆಸರಲ್ಲೇ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಇರುವವರಿಗೆ ಸ್ವಂತ ವಾಸದ ಮನೆಯ ರಿಪೇರಿ ಸಾಲದ ಬಡ್ಡಿ ಮೇಲೆ ವರ್ಷಕ್ಕೆ 30,000 ರೂಪಾಯಿವರೆಗೆ ಕಡಿತ ಸಿಗುತ್ತದೆ. ಆದರೆ ಬೆಳೆ ದುಡ್ಡಿನ ಮನೆಯವರು ತಿಂಗಳ ಕಂತಿಗೆ ಸಿಕ್ಕಿಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಮಾಡಿದರೂ ಚಾವಣಿಗೆ ಸಾಲ ಮಾಡಿ, ಟೈಲ್ಸಿಗೆ ಮಾಡಬೇಡಿ.

"ಮನೆ ಅಣ್ಣತಮ್ಮಂದಿರದು. ನಾನೊಬ್ಬನೇ ಖರ್ಚು ಮಾಡಿದ್ರೆ ನಾಳೆ ಏನಾಗುತ್ತೆ?"

ಈ ಪ್ರಶ್ನೆ ಕೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ಖಾತೆ ನಿಮ್ಮ ಹೆಸರಲ್ಲಿದೆ ಅಂತ ಧೈರ್ಯ ಮಾಡಬೇಡಿ. ಖಾತೆ ಕಂದಾಯ ಕಟ್ಟುವ ದಾಖಲೆ, ಅದೊಂದರಿಂದಲೇ ಮನೆ ನಿಮ್ಮದಾಗುವುದಿಲ್ಲ. ಅಕ್ಕತಂಗಿಯರಿಗೂ ಹಕ್ಕಿರುತ್ತದೆ. ಸಾಧ್ಯವಾದರೆ ಮೊದಲು ವಿಭಾಗ ಪತ್ರ ನೋಂದಣಿ ಮಾಡಿಸಿ, ಆಮೇಲೆ ಕೆಲಸ. ಅದು ತಡ ಆಗುವುದಾದರೆ, ಸೋರುವ ಚಾವಣಿಯಷ್ಟು ಮಾತ್ರ ಸರಿ ಮಾಡಿಸಿ, ಬಿಲ್ಲು ಇಟ್ಟುಕೊಂಡು, ಎಲ್ಲರಿಗೂ ತೋರಿಸಿ ಸಹಿ ಹಾಕಿಸಿಕೊಳ್ಳಿ.

## ಇನ್ನೂ ಒಳಗಿನ ಪ್ರಶ್ನೆಗಳು

"ಮರದ ಪಟ್ಟಿ ಮೇಲಿನ ಹಳೇ ವೈರಿಂಗ್ ಇದೆ. ಗೀಸರ್ ಹಾಕಿಸಬಹುದಾ?"

ಬೇಡ. ಆ ವೈರಿಂಗಿಗೆ ಬಹಳ ಕಡೆ ಅರ್ಥಿಂಗ್ ಇರುವುದಿಲ್ಲ. ಪೂರ್ತಿ ಬದಲಿಸಿ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು ಹಾಕಿಸಿ. ಹೊಸ ಅರ್ಥಿಂಗ್ ಗುಂಡಿ ತೋಡಿಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿ. ಶಾಕ್ ಹೊಡೆದರೆ ಕ್ಷಣದಲ್ಲಿ ಕರೆಂಟ್ ಕಡಿಯುವುದು ಅದೇ. ಕಲ್ಲುಗೋಡೆ, ಮಣ್ಣುಗೋಡೆ ಕೊರೆದು ಪೈಪು ಹುದುಗಿಸಬೇಡಿ. ಗೋಡೆಯ ಮೇಲೇ ಪೈಪು ಓಡಿಸಿ, ಗೋಡೆಯ ಬಣ್ಣವೇ ಬಳಿದರೆ ಕಣ್ಣಿಗೆ ಹೊಡೆಯುವುದಿಲ್ಲ.

"ಮೊದಲು ರೇಷ್ಮೆ ಹುಳು ಮೇಯಿಸ್ತಿದ್ದ ಮನೆ. ಈಗ ವಾಸಕ್ಕೆ ಮಾಡಿಕೊಳ್ಳೋಣ ಅಂತ. ಗೋಡೆ ಸದಾ ಬೆವರುತ್ತೆ, ಯಾಕೆ?"

ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಬರುವ ಪ್ರಶ್ನೆ ಇದು. ಪ್ರತಿ ಬೆಳೆಗೂ ಮುಂಚೆ ಆ ಗೋಡೆ, ನೆಲ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದಿರುತ್ತಾರೆ. ವರ್ಷಗಟ್ಟಲೆ ಅದರ ಉಪ್ಪು ಪ್ಲಾಸ್ಟರಿನಲ್ಲಿ ಉಳಿದಿರುತ್ತದೆ. ಆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಚಾವಣಿ ಸೋರದಿದ್ದರೂ ಮೋಡ ಮುಚ್ಚಿದ ದಿನ ಗೋಡೆ ಒದ್ದೆ. ಮೇಲೆ ಬಣ್ಣ ಹೊಡೆದು ಪ್ರಯೋಜನವಿಲ್ಲ. ಕೆಳಗಿನ ನಾಲ್ಕಡಿ ಪ್ಲಾಸ್ಟರ್ ಇಟ್ಟಿಗೆವರೆಗೂ ಕೆತ್ತಿಸಿ, ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ ಆಚೆ ಹಾಕಿ. ನೀರು ಹಾಕಿ ತೊಳೆದರೆ ಮತ್ತೆ ಒಳಗೆ ಇಳಿಯುತ್ತದೆ. ಒಂದೆರಡು ತಿಂಗಳು ಗಾಳಿಗೆ ಬಿಟ್ಟು ಸುಣ್ಣದ ಗಾರೆ ಮಾಡಿಸಿ.

ಕಿಟಕಿಯ ಸರಳು, ಬಾಗಿಲ ಕೀಲುಗಳನ್ನೂ ನೋಡಿ, ಬ್ಲೀಚಿಂಗ್‌ಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಅದು ಬಿಟ್ಟರೆ ಅಂಥ ಮನೆ ಚಿನ್ನ. ಎತ್ತರದ ಸೂರು, ಎದುರುಬದುರು ಕಿಟಕಿ, ಗಾಳಿ ಆಡುವ ಉದ್ದನೆ ಹಾಲು. ಹುಳುವಿಗೆ ಹಿತವಾದ ಗಾಳಿ ಮನುಷ್ಯನಿಗೂ ಹಿತವೇ ಅಲ್ವಾ.

"ಮೇಲೊಂದು ಅಂತಸ್ತು ಏರಿಸಬಹುದಾ?"

ಮಣ್ಣಿನ ಗೋಡೆ, ಚಪ್ಪಡಿ ಚಾವಣಿಯ ಮೇಲೆ ಬೇಡವೇ ಬೇಡ.

"ಬೋರ್ ನೀರು ಫ್ಲೋರೈಡ್ ಅಂತಾರೆ. ರಿಪೇರಿ ಜೊತೆಗೆ ಮಳೆನೀರಿಗೂ ಏನಾದರೂ ಮಾಡಬಹುದಾ?"

ಖಂಡಿತ ಮಾಡಿ, ಚಾವಣಿ ಕೆಲಸ ನಡೆಯುವಾಗಲೇ ಮಾಡಿದರೆ ಖರ್ಚು ಕಮ್ಮಿ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದೆ. ಕುದಿಸಿದರೆ ಅದು ಹೋಗುವುದಿಲ್ಲ. ಮಳೆನೀರಿನಲ್ಲಿ ಆ ತೊಂದರೆ ಇಲ್ಲ.

ಲೆಕ್ಕ ಹೀಗೆ. ಹತ್ತು ಚದರದ ಚಾವಣಿ ಅಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಹಿಡಿಯಿರಿ. ಐದರಲ್ಲಿ ಒಂದು ಪಾಲು ಆವಿ, ಸೋರಿಕೆ ಅಂತ ಕಳೆದರೂ 52,000 ಲೀಟರ್ ಸಿಗುತ್ತದೆ. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಸಾಕು, ವರ್ಷಕ್ಕೆ 14,600 ಲೀಟರ್. ಉಳಿದದ್ದು ಬೋರ್ ಪಕ್ಕದ ಇಂಗುಗುಂಡಿಗೆ. ಮೊದಲ ಮಳೆಯ ನೀರು ಆಚೆ ಬಿಡಲು ಪೈಪಿಗೆ ಮುಚ್ಚಳ ಇಡಿಸಿ, ಕುಡಿಯುವ ಮುಂಚೆ ಸೋಸಿ ಕುದಿಸಿ. ಸಿಮೆಂಟ್ ಶೀಟಿನ ಚಾವಣಿಯ ನೀರನ್ನು ಕುಡಿಯಲು ಹಿಡಿಯಬೇಡಿ.

"ನಮ್ಮನೆ ಸೋಮೇಶ್ವರ ದೇವಸ್ಥಾನದ ಹತ್ತಿರ. ಏನೂ ಮುಟ್ಟೋ ಹಾಗಿಲ್ಲ ಅಂತಾರೆ, ನಿಜಾನಾ?"

ಪೂರ್ತಿ ನಿಜ ಅಲ್ಲ. ಕೋಲಾರದ ಸೋಮೇಶ್ವರ, ಕೋಲಾರಮ್ಮ ದೇವಸ್ಥಾನ, ನಂದಿಯ ಭೋಗನಂದೀಶ್ವರ, ಮಧುಗಿರಿ ಕೋಟೆ ಇವೆಲ್ಲ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರಲ್ಲಿ ತಿದ್ದಿದ ಕಾಯಿದೆ ಪ್ರಕಾರ ರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನು 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬಹುದು.

ಆದರೆ 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಮನೆಯನ್ನು 100 ಮೀಟರ್ ಒಳಗಿದ್ದರೂ ರಿಪೇರಿ ಮಾಡಿಸಿಕೊಳ್ಳಲು ಅರ್ಜಿ ಹಾಕಬಹುದು. ಅಂದರೆ ಆ ಬೀದಿಗಳಲ್ಲಿ ಹಳೇ ಮನೆ ಕೆಡವಿದವರಿಗೆ ಖಾಲಿ ಸೈಟು ಉಳಿಯುತ್ತದೆ, ಉಳಿಸಿಕೊಂಡವರಿಗೆ ಮನೆ ಉಳಿಯುತ್ತದೆ. ಅರ್ಜಿಗೆ ಮನೆ ಆ ತಾರೀಖಿಗೆ ಮುಂಚಿನದು ಅಂತ ತೋರಿಸುವ ಹಳೇ ಕಂದಾಯ ರಸೀದಿ, ಕ್ರಯಪತ್ರ ಬೇಕಾಗುತ್ತದೆ. ಈಗಿನ ಮನೆಯ ನಾಲ್ಕೂ ಕಡೆಯ ಫೋಟೋ ತೆಗೆಸಿಡಿ. ಅನುಮತಿ ಪತ್ರ ಕೈಗೆ ಬರುವವರೆಗೆ ಒಂದು ಕಲ್ಲನ್ನೂ ಇಳಿಸಬೇಡಿ.